ಬಾಲ್ಯವೆಂಬ ಹದ

ಹದ ಮಾಡದ ಎರೆಹೊಲದಲ್ಲಿ ತೊಗರಿ ಬಿತ್ತಿದರೆ ಫಲವೆಲ್ಲಿ? ಬಾಲ್ಯವೂ ಬಾಳನ್ನು ಹದ ಮಾಡುವ ಕಾಲವೇ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ 1940ರ ದಶಕದಲ್ಲಿ ಬಂದ, ಮೂರು ತಲೆಮಾರಿನ ಕಥೆಯಲ್ಲಿ ಬಾಳಿನ ತತ್ವವನ್ನು ಶೋಧಿಸುವ ಕಾದಂಬರಿ. ಕರಾವಳಿಯ ರಾಮ ಐತಾಳರ ಮಗ ಲಚ್ಚ ಮುದ್ದಿನಲ್ಲಿ ಬೆಳೆದ, ಇಂಗ್ಲಿಷ್ ಕಲಿತ. ಓದು ಬಂತು, ದುಡಿಮೆಯ ಮೇಲೆ ಗೌರವ ಬರಲಿಲ್ಲ. ದುಶ್ಚಟಕ್ಕೆ ಬಿದ್ದು ಮನೆತನದ ಆಸ್ತಿ ಕಳೆದ. ಅವನ ಮಗ ರಾಮ, ತಾಯಿ ನಾಗವೇಣಿಯ ಕಷ್ಟವನ್ನು ಕಣ್ಣಾರೆ ಕಂಡು ಬೆಳೆದವನು. ಅವನೂ ದೂರದ ಮದರಾಸಿನಲ್ಲಿ ಓದಿದ. ಆದರೆ ಕೊನೆಗೆ ಊರಿನ ಮಣ್ಣಿಗೇ ಮರಳಿದ.

ಕೆಡಿಸಿದ್ದು ಶಾಲೆಯಲ್ಲ, ಇಬ್ಬರೂ ಓದಿದವರೇ. ಭೇದವಿದ್ದುದು ಮನೆಯ ಸಂಸ್ಕಾರದಲ್ಲಿ.

ಸೇಡಂ, ಚಿತ್ತಾಪುರ, ಚಿಂಚೋಳಿಯ ಹಿರಿಯರೇ, ಮಕ್ಕಳನ್ನು ದೂರದ ಶಾಲೆಗೂ ಕಳುಹಿಸಿರಿ. ರಜೆಗೆ ಬಂದಾಗ ಹೊಲ, ದನ, ದಾಸೋಹದ ಸೇವೆಯನ್ನೂ ತೋರಿಸಿರಿ. ಆದರೆ ಕಾಯಕದ ಹೆಸರು ಹೇಳಿ ಎಳೆಯರನ್ನು ಶಹಾಬಾದ, ವಾಡಿ ಭಾಗದ ಕಲ್ಲುಗಣಿಯ ಕೂಲಿಗೆ ಹಚ್ಚುವುದು ಧರ್ಮವಲ್ಲ. 18 ತುಂಬದವರಿಗೆ ಗಣಿ ಕೆಲಸವನ್ನು 2016ರ ಕಾನೂನು ತಿದ್ದುಪಡಿಯೂ ನಿಷೇಧಿಸಿದೆ. ಕಾಯಕ ಕಲಿಸುವುದು ಬೇರೆ, ಬಾಲ್ಯವನ್ನು ಮಾರುವುದು ಬೇರೆ. ಹದವಾಗಬೇಕಾದ ಮಣ್ಣನ್ನೇ ಅಗೆದು ಮಾರಿದ ಮೇಲೆ ಬಿತ್ತುವುದೆಲ್ಲಿ?