ಬಿಳಿ ನೊಣಕ್ಕೆ ಬದುವಿನ ಹಂಗಿಲ್ಲ

2023ರ ಜುಲೈನಲ್ಲಿ ಟೊಮೆಟೊ ಬೆಲೆ ಅನೇಕ ನಗರಗಳಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದಾಗ, ಕೇಂದ್ರ ಸರ್ಕಾರವು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳ ಮಾರುಕಟ್ಟೆಗಳಲ್ಲಿ ಹಣ್ಣು ಖರೀದಿಸಿ ದೆಹಲಿಯಲ್ಲಿ ರಿಯಾಯಿತಿ ದರಕ್ಕೆ ಮಾರಿತು. ಗ್ರಾಹಕನ ಸಂಕಟಕ್ಕೆ ಸ್ಪಂದಿಸಿದ್ದು ಸರಿಯೇ. ಆದರೆ ಆ ವರ್ಷ ಕೋಲಾರದ ಬೆಳೆಯನ್ನು ಕಾಡಿದ ಎಲೆ ಮುಟುರು ರೋಗವು ಬೆಲೆ ಇಳಿದೊಡನೆ ಚರ್ಚೆಯಿಂದ ಮರೆಯಾಯಿತು.

ಈ ರೋಗಕ್ಕೆ ಕಾರಣ ಬೆಗೊಮೊವೈರಸ್ ಎಂಬ ಗುಂಪಿನ ನಂಜಾಣುಗಳು. ಬೆಂಡೆ ಮತ್ತು ಹೆಸರು ಬೆಳೆಗಳ ಹಳದಿ ನಂಜು, ಹತ್ತಿಯ ಎಲೆ ಮುಟುರು ಕೂಡ ಇದೇ ಗುಂಪಿನವು. ಇವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿ ನೊಣ. ಎಳೆಯ ಸಸಿಗೆ ಸೋಂಕು ತಗುಲಿದರೆ ಎಲೆ ಮುದುಡಿ, ಗಿಡ ಕುಬ್ಜವಾಗಿ, ಫಸಲು ಕೈಗೆ ಸಿಗುವುದು ದುರ್ಲಭ. ಸೋಂಕಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ರೈತ ಸಿಂಪಡಿಸುವ ವಿಷ ನೊಣಕ್ಕೆ ಮಾತ್ರ. ನೊಣವಾದರೋ ಒಂದೊಂದಾಗಿ ಆ ವಿಷಗಳನ್ನೂ ಜೀರ್ಣಿಸಿಕೊಳ್ಳುತ್ತಿದೆ.

ವಿಜ್ಞಾನಿಗಳು ಕೈಕಟ್ಟಿ ಕುಳಿತಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ನಂದಿ, ಸಂಕ್ರಾಂತಿ, ವೈಭವ ಎಂಬ ರೋಗನಿರೋಧಕ ತಳಿಗಳನ್ನು ನೀಡಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ರಕ್ಷಕ್ ನೀಡಿತು. ಆದರೆ ಒಂದೇ ಗಿಡದಲ್ಲಿ ಕೂಡಿದ ಎರಡು ನಂಜಾಣುಗಳು ತಮ್ಮ ವಂಶವಾಹಿ ತುಣುಕುಗಳನ್ನು ಅದಲುಬದಲು ಮಾಡಿಕೊಂಡು ಹೊಸ ರೂಪ ತಾಳಬಲ್ಲವು. ಆದ್ದರಿಂದ ಯಾವ ತಳಿಯೂ ಶಾಶ್ವತ ರಕ್ಷಣೆಯಲ್ಲ.

ನನ್ನ ದೃಷ್ಟಿಯಲ್ಲಿ ಇದು ಮೂಲತಃ ಆರ್ಥಿಕ ಸಮಸ್ಯೆ. ಕೊಯ್ಲು ಮುಗಿದ ರೋಗಗ್ರಸ್ತ ಗಿಡಗಳನ್ನು ಕಿತ್ತು ನಾಶಮಾಡಲು ಕೂಲಿ ಕೊಡಬೇಕು. ಅದರಿಂದ ಆ ರೈತನಿಗೆ ಬಿಡಿಗಾಸೂ ಬಾರದು. ಹಾಗೆಯೇ ಬಿಟ್ಟರೆ ನಷ್ಟ ಪಕ್ಕದ ಹೊಲದವನಿಗೆ. ತನ್ನ ತೋಟವನ್ನು ಎಷ್ಟೇ ಜೋಪಾನ ಮಾಡಿದವನೂ ನೆರೆಯ ಉದಾಸೀನಕ್ಕೆ ದಂಡ ತೆರುತ್ತಾನೆ. ಒಬ್ಬನ ವೆಚ್ಚದ ಫಲ ಊರಿಗೆಲ್ಲ ಹಂಚಿಹೋಗುವಲ್ಲಿ ಮಾರುಕಟ್ಟೆ ಸೋಲುತ್ತದೆ. ಅಲ್ಲಿ ಸರ್ಕಾರ ಮುಂದೆ ಬರಬೇಕು.

ಮಾಡಬೇಕಾದದ್ದು ದುಬಾರಿಯೇನಲ್ಲ. ಸಸಿ ಮಾರುವ ಪ್ರತಿ ನರ್ಸರಿಯೂ ನೊಣ ನುಸುಳದ ನೈಲಾನ್ ಪರದೆಯೊಳಗೆ ಸಸಿ ಬೆಳೆಸುವುದನ್ನು ಕಡ್ಡಾಯಗೊಳಿಸಿ ತಪಾಸಣೆ ನಡೆಸಬೇಕು. ಹಳೆಯ ಗಿಡಗಳನ್ನು ಕೀಳಲು ಹೋಬಳಿವಾರು ದಿನ ಗೊತ್ತುಮಾಡಿ ಕೂಲಿಯ ಒಂದು ಪಾಲನ್ನು ಭರಿಸಬೇಕು. ನಂಜಾಣುಗಳ ಹೊಸ ರೂಪಗಳ ಮೇಲೆ ನಿಗಾ ಇಡಲು ಸಂಶೋಧನೆಗೆ ನಿರಂತರ ಅನುದಾನ ಬೇಕು.

ಬೆಲೆ ಏರಿದಾಗ ಲಾರಿ ಕಳುಹಿಸಬಲ್ಲ ಸರ್ಕಾರಕ್ಕೆ, ಬೆಲೆ ಇಳಿದಾಗ ಸಸಿಮಡಿಗೆ ಒಬ್ಬ ಅಧಿಕಾರಿಯನ್ನು ಕಳುಹಿಸುವುದು ಭಾರವಾಗಬಾರದು.