ಒರೆಯಿಲ್ಲದ ಕತ್ತಿ ಅರ್ಧ ಕತ್ತಿ

ಮಕ್ಕಳೇ, ‘ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು’ ಎಂಬ ಗಾದೆಯನ್ನು ನೀವು ಕೇಳಿರಬಹುದು. ಒಂದೇ ಕಡೆ ಇಬ್ಬರು ಯಜಮಾನರು ಸೇರಿದರೆ ಹೊಂದುವುದಿಲ್ಲ ಎಂದು ಅದರ ಅರ್ಥ. ಆದರೆ ಈ ಗಾದೆ ಅಕ್ಷರಶಃ ನಿಜವಾಗಿರುವ ಒಂದು ಕೈಕಸುಬು ಇದೆ. ಅದು ನಮ್ಮಿಂದ ಬಹುದೂರದ, ಹಿಮ ಸುರಿಯುವ ಫಿನ್ಲೆಂಡ್ ದೇಶದ್ದು.

ಅಲ್ಲಿನ ಸಾಂಪ್ರದಾಯಿಕ ಚಾಕುವಿನ ಹೆಸರು ‘ಪೂಕ್ಕೊ’. ಅಲಗು ಹೆಚ್ಚುಕಡಿಮೆ ಒಂದು ಅಂಗೈ ಅಗಲದಷ್ಟು ಉದ್ದ, ಒಂದೇ ಕಡೆ ಹರಿತ. ಚಮಚ ಕೆತ್ತಲು, ಮೀನು ಹಸನು ಮಾಡಲು, ಒಲೆಗೆ ಚಕ್ಕೆ ಸೀಳಲು ಅದೊಂದೇ ಸಾಕು. ನಮ್ಮ ಮಲೆನಾಡಿನ ರೈತ ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೊರಡುವ ಹಾಗೆ, ಅಲ್ಲಿನ ರೈತರೂ ಬೇಟೆಗಾರರೂ ಇದನ್ನು ಸೊಂಟಕ್ಕೆ ತೂಗುಬಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಈಗ ಇದನ್ನು ಕೈಯಾರೆ ಮಾಡುವುದು ಅಲ್ಲಿ ಅನೇಕರ ಹವ್ಯಾಸ.

ಮೊದಲು ಅಲಗು. ಕುಲುಮೆಯಲ್ಲಿ ಉಕ್ಕನ್ನು ಕೆಂಪಗೆ ಕಾಯಿಸಿ, ಬಡಿದು ರೂಪ ಕೊಡುತ್ತಾರೆ. ಆಮೇಲೆ ಮತ್ತೆ ಕಾಯಿಸುತ್ತಾರೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಕಮ್ಮಾರನಿಗೆ ಅದೇ ಥರ್ಮಾಮೀಟರು! ಇನ್ನೂ ತುಸು ಕಾಯಿಸಿ, ತಕ್ಷಣ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅಲಗು ತುಂಬಾ ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಸ್ವಭಾವವೂ ಬರುತ್ತದೆ. ಅದಕ್ಕಾಗಿ ಸುಮಾರು 200 ಡಿಗ್ರಿಯಲ್ಲಿ ಇನ್ನೊಮ್ಮೆ ನಿಧಾನವಾಗಿ ಕಾಯಿಸಿ ಅದರ ಬಿರುಸನ್ನು ಕೊಂಚ ಇಳಿಸುತ್ತಾರೆ. ಬರೀ ಗಟ್ಟಿತನ ಸಾಲದು, ತಾಳಿಕೆಯೂ ಬೇಕು. ಕುಲುಮೆ ಇಲ್ಲದವರು ಸಿದ್ಧ ಅಲಗು ಕೊಂಡು ಉಳಿದದ್ದನ್ನು ತಾವೇ ಮಾಡುತ್ತಾರೆ.

ಹಿಡಿಗೆ ಬರ್ಚ್ ಮರ. ಕೆಲವರು ಆ ಮರದ ತೊಗಟೆಯ ಚೂರುಗಳನ್ನೇ ಒಂದರ ಮೇಲೊಂದು ಪೋಣಿಸಿ, ಅದುಮಿ ಹಿಡಿ ಮಾಡುತ್ತಾರೆ. ಅಂಥ ಹಿಡಿ ಕೈ ಒದ್ದೆಯಾದರೂ ಜಾರುವುದಿಲ್ಲ, ಕೊರೆಯುವ ಚಳಿಯಲ್ಲೂ ಲೋಹದಂತೆ ತಣ್ಣಗೆ ಕಚ್ಚುವುದಿಲ್ಲ. ಅಲಗಿನ ಸಪೂರ ಬಾಲವನ್ನು ಹಿಡಿಯೊಳಗೆ ತೂರಿಸಿ ಭದ್ರ ಮಾಡಿ, ಮರವನ್ನು ಉಜ್ಜಿ, ಅಗಸೆ ಎಣ್ಣೆ ಸವರುತ್ತಾರೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು.

ಇಷ್ಟಾದರೆ ಕೆಲಸ ಮುಗಿಯಿತೇ? ಇಲ್ಲ, ಅರ್ಧ ಮಾತ್ರ. ನನ್ನಂಥ ಹಳೆಯ ಬ್ಯಾಂಕ್ ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ, ಖರ್ಚಿನ ಕಡೆ ಬರೆದು ಜಮಾ ಕಡೆ ಖಾಲಿ ಬಿಟ್ಟಂತೆ. ಒರೆ ಆಗುವವರೆಗೆ ಲೆಕ್ಕ ತಾಳೆಯಾಗುವುದಿಲ್ಲ.

ಒರೆ ಮಾಡುವ ರೀತಿ ಬಲು ಚೆಂದ. ದಪ್ಪ ಚರ್ಮವನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುತ್ತಾರೆ. ಚಾಕುವಿಗೆ ತುಕ್ಕು ಹಿಡಿಯದಂತೆ ತೆಳು ಪ್ಲಾಸ್ಟಿಕ್ ಸುತ್ತುತ್ತಾರೆ. ಅಲಗಿನ ಭಾಗಕ್ಕೆ ಒಂದು ಮರದ ತೊಟ್ಟಿಲು ಕೆತ್ತುತ್ತಾರೆ. ಇಲ್ಲದಿದ್ದರೆ ಅಲಗು ಚರ್ಮವನ್ನೂ ಹೊಲಿಗೆಯನ್ನೂ ಕೊಯ್ದುಬಿಡುತ್ತದೆ. ಬಳಿಕ ಒದ್ದೆ ಚರ್ಮವನ್ನು ಚಾಕುವಿನ ಸುತ್ತ ಬಿಗಿಯಾಗಿ ಎಳೆದು, ಮೇಣ ಹಚ್ಚಿದ ದಾರದಿಂದ ಹಿಂಭಾಗದಲ್ಲಿ ಹೊಲಿಯುತ್ತಾರೆ. ಒಂದೇ ದಾರಕ್ಕೆ ಎರಡು ತುದಿಯಲ್ಲೂ ಸೂಜಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಹೊಲಿಗೆ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಚರ್ಮ ಒಣಗುತ್ತಾ ಆ ಹಿಡಿಯ ಉಬ್ಬುತಗ್ಗುಗಳನ್ನೇ ಕಲಿತುಕೊಳ್ಳುತ್ತದೆ. ಆಮೇಲೆ ಗುಂಡಿಯೂ ಬೇಡ, ಪಟ್ಟಿಯೂ ಬೇಡ. ಒಳಗೆ ಒತ್ತಿದರೆ ಚಾಕು ಹಿಡಿಯ ಅರ್ಧದವರೆಗೂ ಹೋಗಿ ಗಟ್ಟಿಯಾಗಿ ಕೂರುತ್ತದೆ. ಅದೇ ಒರೆಗೆ ಬೇರೆ ಚಾಕು ಹಾಕಿ ನೋಡಿ, ಹೊಂದುವುದಿಲ್ಲ. ನಮ್ಮ ಗಾದೆ ಅಲ್ಲಿ ಹೀಗೆ ನಿಜವಾಗಿದೆ.

ಇದರ ಇತಿಹಾಸದಲ್ಲಿ ಕಹಿಯೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿನ್ಲೆಂಡಿನ ಪಶ್ಚಿಮದ ಬಯಲುಸೀಮೆಯಲ್ಲಿ ಪುಂಡರ ಗುಂಪುಗಳು ಮದುವೆಮನೆಗಳಿಗೆ ನುಗ್ಗಿ ಇದೇ ಚಾಕುವಿನಿಂದ ಇರಿದಾಡುತ್ತಿದ್ದವು. ಅದೇ ಸೀಮೆಯ ಕೌಹಾವ ಎಂಬ ಊರು ಇಂದು ಅಂದದ ಪೂಕ್ಕೊಗಳಿಗೆ ಹೆಸರುವಾಸಿ. ಅದೇ ಶತಮಾನದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಉನೊ ಸಿಗ್ನೇಯಸ್ ಎಂಬ ಶಿಕ್ಷಣತಜ್ಞರ ಪ್ರಯತ್ನದಿಂದ 1866ರಲ್ಲಿ ಕೈಕಸುಬು ಅಲ್ಲಿನ ಶಾಲೆಗಳ ಪಾಠವಾಯಿತು. ಮಕ್ಕಳ ಕೈಗೆ ಉಳಿ, ಗರಗಸ, ಚಾಕು ಕೊಟ್ಟು, ಜೊತೆಗೆ ಅವುಗಳ ಶಿಸ್ತನ್ನೂ ಕಲಿಸಿದರು. ಇಂದಿಗೂ ಅಲ್ಲಿ ಕೈಕಸುಬು ಗಂಡುಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಕಡ್ಡಾಯ. ಹಾಗೆಂದು ಯಾರೂ ಚಾಕು ಇಟ್ಟುಕೊಂಡು ಪೇಟೆ ಸುತ್ತುವಂತಿಲ್ಲ. ಕೆಲಸದಂಥ ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಒಯ್ಯುವುದು ಕಾನೂನಿಗೆ ವಿರುದ್ಧ.

ಹಿರಿಯರಿಗೆ ಒಂದು ಮಾತು. ‘ಮುಟ್ಟಬೇಡ, ಕೈ ಕೊಯ್ದುಕೊಳ್ತೀಯ’ ಎನ್ನುವುದು ಸುಲಭ. ಆದರೆ ಮುಟ್ಟದೆ ಬೆಳೆದ ಕೈ ಮುಂದೊಂದು ದಿನ ಮುಟ್ಟಿಯೇ ಮುಟ್ಟುತ್ತದೆ, ಆಗ ಪಕ್ಕದಲ್ಲಿ ನಾವಿರುವುದಿಲ್ಲ. ಈಳಿಗೆಮಣೆಯಲ್ಲಿ ಹೆಚ್ಚಿ ಮುಗಿದ ಕೂಡಲೇ ಅದನ್ನು ಮಗ್ಗುಲಾಗಿ ಗೋಡೆಗೆ ತಿರುಗಿಸಿ ಇಡುತ್ತಿದ್ದ ಅಜ್ಜಿಯರಿಗೆ ಈ ಪಾಠ ಗೊತ್ತಿತ್ತು. ಅವರ ಕೈಯ ಆ ಅಭ್ಯಾಸವೇ ಈಳಿಗೆಗೆ ಒರೆ.

ಮಕ್ಕಳೇ, ನೀವು ಕತ್ತಿಯಿಂದ ಶುರು ಮಾಡುವುದು ಬೇಡ, ಒರೆಯಿಂದ ಶುರು ಮಾಡಿ. ಅಡುಗೆಮನೆಯ ಚಾಕುವಿಗೆ ರಟ್ಟಿನ ಒರೆ ಮಾಡಬಹುದು. ಅಮ್ಮನೋ ಅಪ್ಪನೋ ಚಾಕುವನ್ನು ದಪ್ಪ ರಟ್ಟಿನ ಮೇಲಿಟ್ಟು ಅಲಗಿನ ಸುತ್ತ ಒಂದು ಬೆರಳು ಜಾಗ ಬಿಟ್ಟು ಗೆರೆ ಎಳೆಯಲಿ. ಅಂಥ ಎರಡು ತುಂಡು ಕತ್ತರಿಸಿ. ಹರಿತದ ಅಂಚಿಗೂ ತುದಿಗೂ ಇನ್ನೊಂದು ರಟ್ಟಿನ ಪಟ್ಟಿಯನ್ನು ನಡುವೆ ಇಟ್ಟು ಅಂಟಿಸಿ. ಅಲಗಿನ ಒತ್ತಡ ಬೀಳುವುದು ಈ ಪಟ್ಟಿಯ ಮೇಲೆ, ಫಿನ್ಲೆಂಡಿನ ಮರದ ತೊಟ್ಟಿಲು ಮಾಡುವುದೂ ಇದನ್ನೇ. ಬೆನ್ನಿನ ಕಡೆ ಬಟ್ಟೆಯ ಟೇಪು ಸುತ್ತಿ. ಅಂಟು ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಚಾಕುವನ್ನು ಅದರೊಳಗೆ ಇಳಿಸಿ ನೋಡುವ ಕೆಲಸ ಮಾತ್ರ ದೊಡ್ಡವರದು.