ಅಳಿಸಿದ ಹೆಸರು, ಕಾಯ್ದಿರಿಸಿದ ಪಾಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮುಸ್ಲಿಮ್ ಮನೆಗಳಿಗೆ ವಲಸೆಯೆಂಬುದು ಪುಸ್ತಕದಿಂದ ತಿಳಿಯಬೇಕಾದ ವಿಷಯವಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಹೋದವರು ಬ್ಯಾರಿ ಭಾಷೆಯನ್ನೂ ಮನೆತನದ ಹೆಸರನ್ನೂ ಜೊತೆಗೊಯ್ದಿದ್ದಾರೆ. ಅದೇ ಗಂಟಿನಲ್ಲಿ ನಮ್ಮ ಅಂಜಿಕೆಗಳೂ ಹೋಗಿವೆ. ಇದನ್ನು ನೆನಪಿಸಿದ್ದು ಸಿರಿಯನ್ ಮೂಲದ ಅಮೆರಿಕನ್ ಲೇಖಕ ಝೈನ್ ಜೂಖದಾರ್ ಅವರ 2020ರ ಇಂಗ್ಲಿಷ್ ಕಾದಂಬರಿ ‘ದ ಥರ್ಟಿ ನೇಮ್ಸ್ ಆಫ್ ನೈಟ್’.

ಹೆಣ್ಣೆಂದು ಬೆಳೆದು, ತಾನು ಗಂಡೆಂದು ಅರಿತಿರುವ ಯುವಕ ಇದರ ನಾಯಕ. ತಾಯಿ ಬೆಂಕಿಗೆ ಬಲಿಯಾಗಿದ್ದಾಳೆ. ಹಿಂದಿನ ತಲೆಮಾರಿನ ಸಿರಿಯನ್ ಚಿತ್ರಕಾರ್ತಿಯೊಬ್ಬಳ ದಿನಚರಿ ಅವನ ಕೈಸೇರುತ್ತದೆ. ಹುಟ್ಟಿದಾಗ ಇಟ್ಟ ಹೆಸರನ್ನು ಪುಟಗಳಲ್ಲಿ ಗೀಚಿ ಅಳಿಸಲಾಗಿದೆ. ಅವನು ಆರಿಸಿಕೊಳ್ಳುವ ಹೆಸರು ನಾದಿರ್, ಅಂದರೆ ಅಪೂರ್ವ. ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದವರಿಗೆ ಇಲ್ಲಿ ನಾದಿರಾ ನೆನಪಾಗದಿರಳು. ಆಕೆಯ ಬದುಕನ್ನೂ ಆಕೆಯ ಮಾತು ಕೇಳದೆ ತಂದೆಯೇ ತೀರ್ಮಾನಿಸಿದ್ದನಲ್ಲ!

ಇಂತಹ ಕೃತಿ ನಮಗೇಕೆ ಎಂದು ಕೆಲವರು ಕೇಳಿಯಾರು. ಲಿಂಗ ಪರಿವರ್ತನೆಯನ್ನು ಸುನ್ನೀ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿಲ್ಲ. ಆ ಚರ್ಚೆಗೆ ನಾನು ಅರ್ಹನಲ್ಲ. ಜನ್ಮತಃ ದೇಹಲಕ್ಷಣ ಅಸ್ಪಷ್ಟವಾಗಿರುವ ‘ಖುನ್ಸಾ’ ಬೇರೆ, ನಾದಿರ್‌ನಂಥವರು ಬೇರೆ ಎಂಬುದೂ ನಿಜ. ಆದರೆ ಖುನ್ಸಾರ ವಾರಸಿನ ಹಕ್ಕನ್ನು ನಮ್ಮ ಶಾಫಿಈ ಫಿಕ್‌ಹ್ ಇತ್ಯರ್ಥಪಡಿಸುವ ಬಗೆಯನ್ನು ನೋಡಿರಿ. ಗಂಡೋ ಹೆಣ್ಣೋ ಎಂಬುದು ತಿಳಿಯದಿದ್ದರೆ ಖಚಿತವಾದ ಕನಿಷ್ಠ ಪಾಲನ್ನು ಕೊಡಬೇಕು. ಸಂದೇಹದಲ್ಲಿರುವ ಭಾಗವನ್ನು ವಿಷಯ ಸ್ಪಷ್ಟವಾಗುವವರೆಗೆ ಅಥವಾ ವಾರಸುದಾರರು ರಾಜಿಯಾಗುವವರೆಗೆ ಕಾಯ್ದಿರಿಸಬೇಕು. ಸಂದೇಹವಿದೆಯೆಂಬ ಕಾರಣಕ್ಕೆ ಆ ವಿದ್ವಾಂಸರು ಯಾರನ್ನೂ ಕುಟುಂಬದ ಲೆಕ್ಕದಿಂದ ಹೊಡೆದುಹಾಕಲಿಲ್ಲ. ನಾವಾದರೋ ಊರಿನ ಬಾಯಿಗೆ ಹೆದರಿ ಮಗುವನ್ನೇ ಮನೆಯಿಂದ ಹೊರಗಟ್ಟುತ್ತೇವೆ; ಅದಕ್ಕೆ ಧರ್ಮದ ಹೆಸರನ್ನೂ ಹಚ್ಚುತ್ತೇವೆ.

ಹೊರಬಿದ್ದವರು ಎಲ್ಲಿಗೆ ಹೋಗುತ್ತಾರೆ? ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆ. ಭಿಕ್ಷೆ, ಲೈಂಗಿಕ ದುಡಿಮೆ, ಪೊಲೀಸರ ಪೆಟ್ಟು: ಆ ದಾರಿ ಅಲ್ಲಿದೆ. ಕೃತ್ಯವನ್ನು ಒಪ್ಪದಿರುವುದು ಒಂದು, ರಕ್ತಸಂಬಂಧವನ್ನು ಕಡಿಯುವುದು ಇನ್ನೊಂದು. ಎರಡನೆಯದು ಮಹಾಪಾಪವೆಂದು ಪ್ರತಿ ರಮಝಾನಿನಲ್ಲಿಯೂ ಪ್ರವಚನ ಕೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಬಂಟ್ವಾಳ ಸಮೀಪದ ಮನೆಯೊಂದರಲ್ಲಿ ತಾಯಿಯ ಮಯ್ಯಿತ್ ಎತ್ತುವ ಹೊತ್ತು. ದುಬೈಯಿಂದ ಬರುವ ಹಿರಿಮಗನಿಗಾಗಿ ಎಲ್ಲರೂ ಕಾದೆವು. ಬೆಂಗಳೂರಿನಲ್ಲಿದ್ದ ಕಿರಿಯ ಮಗುವಿಗೆ ಸುದ್ದಿಯನ್ನೇ ತಿಳಿಸಿರಲಿಲ್ಲ. ನಂಬರು ನನ್ನಲ್ಲಿಯೂ ಇತ್ತು.